ಹದವಾಗದ ಮಣ್ಣು

ಶರಣಮ್ಮನಿಗೆ ಮೊದಲು ಬಂದದ್ದು ವಾಸನೆ. ಶನಿವಾರ ಬೆಳಿಗ್ಗೆ ರೊಟ್ಟಿಗೆ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ ಮುಖ ಎತ್ತಿದಳು. ಅರಿಸಿನ, ಹುಳಿ ಮಜ್ಜಿಗೆ, ಎಳ್ಳೆಣ್ಣೆ, ಕರ್ಪೂರ. ಅವೆಲ್ಲದರ ಅಡಿಯಲ್ಲಿ ಒದ್ದೆ ಮಣ್ಣು. ಗಂಡ ತೀರಿಕೊಂಡ ಮೇಲೆ ಮಗನ ಹಿಂದೆ ಡರ್ಬಿಗೆ ಬಂದು ಕೆಲವು ವರ್ಷಗಳಾಗಿದ್ದವು. ಈ ಮನೆಯಲ್ಲಿ ಒಗ್ಗರಣೆಯ ಘಾಟು ಎದ್ದರೂ ಸೊಸೆ ಕಿಟಕಿ ತೆಗೆಯುತ್ತಿದ್ದಳು. ಇಲ್ಲಿ ಗರಡಿಯ ವಾಸನೆ ಎಲ್ಲಿಂದ ಬಂತು ಎಂದು ಶರಣಮ್ಮ ಯೋಚಿಸಲಿಲ್ಲ. ಯಾರು ಬಂದರು ಎಂದು ಯೋಚಿಸಿದಳು.

ಹಿಟ್ಟಿನ ಕೈಯಲ್ಲೇ ಹೋಗಿ, ಅಡುಗೆಮನೆಗೆ ಹೊಂದಿಕೊಂಡ ಗ್ಯಾರೇಜಿನ ಬಾಗಿಲು ತೆರೆದಳು. ಮಗ ಶ್ರೀಕಾಂತ ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಮಣ್ಣು ಕಲಸುತ್ತಿದ್ದ. ಗೋಡೆಗೆ ಒರಗಿಸಿ ಚೀಲಗಳನ್ನು ಪೇರಿಸಿದ್ದ. ಕ್ರಿಕೆಟ್ ಪಿಚ್ಚಿಗೆ ಹಾಕುವ ಜೇಡಿಮಣ್ಣು. ಈ ದೇಶದಲ್ಲಿ ಚೀಲ ಕಟ್ಟಿ ಮಾರುವ ಜೇಡಿಯೆಂದರೆ ಅದೇ.

“ಏನೋ ಇದು?”

“ಮಣ್ಣವ್ವ.”

“ಅದು ನನಗೂ ಕಾಣತೈತಿ. ಎದಕ್ಕ?”

ಶ್ರೀಕಾಂತ ಕೈ ಒರೆಸಿಕೊಂಡ. ಐವತ್ತರ ಹತ್ತಿರದ ಮನುಷ್ಯ, ವಿಮಾನದ ಎಂಜಿನ್ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರು, ಊರಿನ ಕನ್ನಡ ಬಳಗದ ಕಾರ್ಯದರ್ಶಿ. ತಾಯಿಯ ಮುಂದೆ ಮಾತ್ರ ಇನ್ನೂ ಶಾಲೆ ತಪ್ಪಿಸಿ ಸಿಕ್ಕಿಬಿದ್ದವನ ಹಾಗೆ ನಿಲ್ಲುತ್ತಿದ್ದ.

“ಇಲ್ಲಿ ಸರ್ಕಾರದ್ದೊಂದು ಯೋಜನಾ ಬಂದೈತವ್ವ. ಹೊರಗಿಂದ ಬಂದ ಮಂದಿ ತಮ್ಮ ತಮ್ಮ ಊರಿನ ಹಳೇ ಆಟ ಉಳಿಸ್ಕೋಬೇಕಂತ. ಕೌನ್ಸಿಲ್ ಕೈಯಾಗ ರೊಕ್ಕ ಕೊಟ್ಟಾರ. ಪಂಜಾಬಿನವರು ಕಬಡ್ಡಿ ತಗೊಂಡ್ರು. ನಮ್ಮ ಬಳಗದಿಂದ ನಾವು...”

“ಕುಸ್ತಿ,” ಎಂದಳು ಶರಣಮ್ಮ.

“ಹೌದು. ಸ್ಕ್ವಾಷ್ ಆಡೋ ಹಳೇ ಹಾಲ್ ಬಿಟ್ಟುಕೊಟ್ಟಾರ. ಅಲ್ಲೆ ಕಣ ಕಟ್ಟಾಕತ್ತೀವಿ, ಊರಾಗಿನ ಗರಡಿ ಹಾಂಗ. ಹೆಸರು ಏನ ಇಡೂಣು ಅಂತ ಎಲ್ಲಾರೂ ನನ್ನ ಕೇಳಿದ್ರು.” ಅವನು ಟಬ್ಬಿನ ಕಡೆ ನೋಡುತ್ತ ಹೇಳಿದ, “ಪಂಚಾಕ್ಷರಿ ಗರಡಿ ಅಂತ ಹೇಳೀನಿ.”

ಆ ಮನೆಯಲ್ಲಿ ಆ ಹೆಸರನ್ನು ಯಾರೂ ಜೋರಾಗಿ ಹೇಳುತ್ತಿರಲಿಲ್ಲ. ಶರಣಮ್ಮ ಬಾಗಿಲು ಮುಚ್ಚಿ ಒಳಗೆ ಬಂದಳು. ಉಳಿದ ಹಿಟ್ಟನ್ನು ನಾದಿ ಎಲ್ಲರಿಗೂ ರೊಟ್ಟಿ ಬಡಿದಳು. ತಾನು ಅಂದು ಊಟ ಮಾಡಲಿಲ್ಲ.

ಪಂಚಾಕ್ಷರಿ ಅವಳ ಹಿರಿಯ ಮಗ, ಶ್ರೀಕಾಂತನಿಗಿಂತ ಹತ್ತು ವರ್ಷ ದೊಡ್ಡವನು. ಗಂಡ ಬಸಪ್ಪ ಜಮಖಂಡಿ ಕಡೆಯ ಹಳ್ಳಿಯೊಂದರ ಗರಡಿಯಲ್ಲಿ ವಸ್ತಾದ. ಊರ ಹುಡುಗರಿಗೆಲ್ಲ ಕುಸ್ತಿ ಕಲಿಸಿದವನು. ಪಂಚಾಕ್ಷರಿ ಸರ್ಕಾರದವರು ನಡೆಸಿದ ಗ್ರಾಮೀಣ ಕ್ರೀಡಾಕೂಟವೊಂದರಲ್ಲಿ ಕುತ್ತಿಗೆ ಮುರಿದು ಸತ್ತಾಗ ಅವನಿಗೆ ಇಪ್ಪತ್ತೊಂದು ವರ್ಷ. ಶ್ರೀಕಾಂತನ ಮಗಳು ದಾನೇಶ್ವರಿಗೆ ಮಾತ್ರ ದೊಡ್ಡಪ್ಪ ಕಾಮಾಲೆಯಲ್ಲಿ ಹೋದ ಎಂದು ಹೇಳಲಾಗಿತ್ತು. ಮಗು ಸಣ್ಣದಿದ್ದಾಗ ಹೇಳಿದ ಸುಳ್ಳು ಮಗುವಿನ ಜೊತೆಗೇ ಬೆಳೆದುಕೊಂಡಿತ್ತು.

ಮರುದಿನ ಊಟದ ಹೊತ್ತಿಗೆ ಜಗಳ ಶುರುವಾಯಿತು. ಸೊಸೆ ನಿವೇದಿತಾ ದಾವಣಗೆರೆಯವಳು, ನಾಟಿಂಗ್‌ಹ್ಯಾಮಿನ ಆಸ್ಪತ್ರೆಯೊಂದರಲ್ಲಿ ತುರ್ತು ವಿಭಾಗದ ಡಾಕ್ಟರು. ಅವಳ ಜೊತೆ ಮಾತಾಡುವಾಗ ಶ್ರೀಕಾಂತನ ಕನ್ನಡ ತಾನಾಗಿ ಬೆಂಗಳೂರಿನ ಕಡೆ ಹೊರಳುತ್ತಿತ್ತು.

“ಮ್ಯಾಟ್ ಮೇಲೆ ಆಡಿಸಿ ಅಂತ ಎಷ್ಟು ಸಲ ಹೇಳಬೇಕು ನಿಮಗೆ?”

“ಮ್ಯಾಟ್ ಮೇಲಾದ್ರೆ ಅದು ಬರೀ ರೆಸ್ಲಿಂಗ್ ಆಗತ್ತೆ, ನಿವಿ. ಅದಕ್ಕೆ ಬೇರೆ ಕ್ಲಬ್ಬಿದೆ, ಬೇರೆ ದುಡ್ಡಿದೆ. ಇದು ಪಾರಂಪರಿಕ ಆಟದ ಯೋಜನೆ. ಅವರಿಗೆ ಮಣ್ಣೇ ಬೇಕು.”

“ಅವರಿಗೆ ಮಣ್ಣು ಬೇಕು. ಕುತ್ತಿಗೆ ಮುರಿದ್ರೆ ನನ್ನ ಹತ್ರ ಬರತ್ತೆ.”

“ಇಷ್ಟು ವರ್ಷದಲ್ಲಿ ಒಂದಾದ್ರೂ ಕುಸ್ತಿ ಕೇಸ್ ಬಂದಿದೆಯಾ? ಕುದುರೆ ಮೇಲಿಂದ ಬಿದ್ದವರು ಬರ್ತಾರೆ, ರಗ್ಬಿ ಆಡಿದವರು ಬರ್ತಾರೆ. ಅದನ್ನ ಯಾರೂ ನಿಲ್ಲಿಸಲ್ಲ.”

ದಾನೇಶ್ವರಿ ಎಣ್ಣೆಗಾಯಿಯ ಮಸಾಲೆಯನ್ನು ರೊಟ್ಟಿಯ ತುಂಡಿನಿಂದ ಬಳಿದು ತಿನ್ನುತ್ತಿದ್ದಳು. ಹದಿನೇಳರ ಹುಡುಗಿ, ಶಾಲೆಯಲ್ಲಿ ದಾನಿ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ಅಜ್ಜಿಗೆ ಆ ಇಂಗ್ಲಿಷು ಈಗ ಸಾಕಷ್ಟು ಅರ್ಥವಾಗುತ್ತಿತ್ತು.

“ನಾನು ಎಂಟು ವರ್ಷದಿಂದ ಜೂಡೋ ಮಾಡ್ತಿದ್ದೀನಿ ಅಮ್ಮ. ಬೀಳೋದು ಹೇಗೆ ಅಂತ ನನಗೆ ಗೊತ್ತು.”

“ಯಾರು ಇಳಿಯೋರು ಕಣಕ್ಕ?” ಶರಣಮ್ಮ ಕೇಳಿದಳು. ಹಿಂದಿನ ದಿನ ಗ್ಯಾರೇಜಿನಿಂದ ಬಂದ ಮೇಲೆ ಅವಳು ಆಡಿದ ಮೊದಲ ಮಾತು.

ದಾನಿ ನಕ್ಕಳು. “ನಾನೇ ಅಜ್ಜಿ. ಉದ್ಘಾಟನೆ ದಿನ ಮೊದಲ ಜೋಡಿ ನಾನು ಮತ್ತೆ ಕುಸ್ತಿ ಕಲಿಸೋ ಖಾಸಿಂ ಅಂಕಲ್ ಮಗಳು ಸದಫ್.”

ಶರಣಮ್ಮ ಸೌಟನ್ನು ಪಾತ್ರೆಯಲ್ಲಿ ಇಟ್ಟು ಎದ್ದುಹೋದಳು.

ವಾರದ ದಿನಗಳಲ್ಲಿ ಮಧ್ಯಾಹ್ನ ಅವಳೊಬ್ಬಳೇ ಮನೆಯಲ್ಲಿ. ಸೊಪ್ಪು ಸೋಸುವುದು, ಬಟ್ಟೆ ಮಡಚುವುದು, ಕಿಟಕಿಯ ಪಕ್ಕ ಕೂತು ಜಪ ಮಾಡುವುದು. ಆ ವಾರ ಮಂಗಳವಾರ ಗ್ಯಾರೇಜಿನಿಂದ ಯಾರೋ ಬಸ್ಕಿ ಹೊಡೆಯುವ ಸದ್ದು ಕೇಳಿಸಿತು. ಪಾದ ನೆಲ ಒತ್ತುವ ಸಣ್ಣ ಸಪ್ಪಳ, ಅದರ ಹಿಂದೆ ಮೂಗಿನಿಂದ ಬಿಡುವ ಬಿಸಿಯುಸಿರು. ಮೊಮ್ಮಗಳು ಶಾಲೆಯಿಂದ ಬೇಗ ಬಂದಳೆಂದುಕೊಂಡು ಬಾಗಿಲು ತೆಗೆದಳು. ಯಾರೂ ಇರಲಿಲ್ಲ. ಟಬ್ಬಿನ ಮೇಲೆ ಹೊದಿಸಿದ ಒದ್ದೆ ಗೋಣಿ ಹಾಗೆಯೇ ಇತ್ತು.

“ಪಂಚೂ,” ಎಂದಳು. ತನ್ನ ದನಿಗೆ ತಾನೇ ಬೆಚ್ಚಿದಳು.

ಆಗ ಬೀದಿಯಲ್ಲಿ ಐಸ್‌ಕ್ರೀಮಿನ ಗಾಡಿ ಬಂತು. ಇನ್ನೂ ಚಳಿ ಬಿಡದ ಮಾರ್ಚಿನಲ್ಲೂ ಅದು ತನ್ನ ಗಂಟೆಯ ಹಾಡು ಹಾಕಿಕೊಂಡು ಬರುತ್ತಿತ್ತು. ಶರಣಮ್ಮ ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತಳು.

ಪಂಚಾಕ್ಷರಿ ಸತ್ತ ದಿನ ಅವಳು ಕುಸ್ತಿ ನೋಡಲು ಹೋಗಿರಲಿಲ್ಲ, ಹೆಂಗಸರು ಹೋಗುತ್ತಿರಲಿಲ್ಲ. ಹಿತ್ತಲಲ್ಲಿ ನಿಂತು ಮೈಕಿನಲ್ಲಿ ಕೇಳುತ್ತಿದ್ದಳು. ಮೈಕಿನವನು ಮಗನ ಹೆಸರನ್ನು ಏರಿಸಿ ಏರಿಸಿ ಕೂಗುತ್ತಿದ್ದ. ಮಂತ್ರಿಗಳ ಹೆಸರನ್ನೂ, ದೇಸಿ ಆಟಕ್ಕೆ ಸರ್ಕಾರ ಕೊಟ್ಟ ಪ್ರೋತ್ಸಾಹವನ್ನೂ ನಡುನಡುವೆ ಸೇರಿಸುತ್ತಿದ್ದ. ಒಮ್ಮೆಲೇ ಅವನ ಮಾತು ನಿಂತಿತು. ಸ್ವಲ್ಪ ಹೊತ್ತು ಬರೀ ಗರಗರ. ಆಮೇಲೆ ಯಾರೋ ಒಂದು ಸಿನಿಮಾ ಹಾಡು ಹಚ್ಚಿದರು. ಜನ ಚದುರಲಿ ಎಂದು ಹಚ್ಚಿದ್ದಂತೆ. ಹಾಡು ಮುಗಿಯುವ ಮೊದಲೇ ಅವನನ್ನು ಹೊತ್ತ ಎತ್ತಿನ ಚಕ್ಕಡಿ ಅವಳ ಬಾಗಿಲಿಗೆ ಬಂದು ನಿಂತಿತ್ತು.

ಮುಂದಿನ ಭಾನುವಾರ ಖಾಸಿಂ ಬಂದ. ವಿಜಯಪುರದವನು, ಸೊಲಿಹಲ್ಲಿನ ಕಾರು ಕಾರ್ಖಾನೆಯಲ್ಲಿ ಎಂಜಿನಿಯರು, ಹರೆಯದಲ್ಲಿ ಕುಸ್ತಿ ಹಿಡಿದವನು. ಹೊಸ ಗರಡಿಗೆ ಅವನೇ ಗುರು. ಜೊತೆಗೆ ಮಗಳು ಸದಫ್. ನಾಟಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದ, ಭುಜ ಅಗಲದ, ಮೆತ್ತನೆ ಮಾತಿನ ಹುಡುಗಿ. ಖಾಸಿಂ ಶರಣಮ್ಮನ ಕಾಲು ಮುಟ್ಟಿದ.

“ಬಸಪ್ಪ ವಸ್ತಾದರ ಮನಿಯವರು ಅಂತ ಶ್ರೀಕಾಂತ್ ಭಾಯಿ ಹೇಳಿದ್ರು ಅಮ್ಮಾ. ನಾವು ಹುಡುಗರಿದ್ದಾಗ ಅವರ ಹೆಸರು ಕೇಳೀವ್ರಿ.”

“ಮಣ್ಣು ಎಷ್ಟು ದಿನ ಹೊಡೀತೀರಿ?” ಅವಳು ಕೇಳಿದ್ದು ಅಷ್ಟೇ.

“ಇನ್ನೂ ಮೂರು ವಾರ ಐತ್ರಿ ಉದ್ಘಾಟನಾಕ್ಕ. ದಿನಾ ಅಗೀತೀವಿ. ಈ ಕ್ರಿಕೆಟ್ ಮಣ್ಣು ಭಾಳ ಹಟದ್ದು, ಬಿಟ್ಟರ ಕಲ್ಲಾಗತೈತಿ. ಬಿಡಾಂಗಿಲ್ರಿ.”

ಶ್ರೀಕಾಂತ ಉತ್ಸಾಹದಲ್ಲಿ ಮುದ್ರಣದವರಿಂದ ಬಂದ ಬ್ಯಾನರನ್ನು ತಂದು ನಡುಮನೆಯಲ್ಲಿ ಬಿಡಿಸಿದ. ಊರಿನ ಸೋದರಮಾವನ ಮಗ ಫೋನಿನಲ್ಲಿ ಕಳಿಸಿದ ಹಳೆಯ ಫೋಟೊವನ್ನು ಆಳೆತ್ತರಕ್ಕೆ ಹಿಗ್ಗಿಸಿದ್ದರು. ಸೋಫಾದಿಂದ ಟಿವಿಯವರೆಗೆ ಪಂಚಾಕ್ಷರಿ ಮಲಗಿದ. ಲಂಗೋಟಿ ಕಟ್ಟಿ, ಎದೆಯುಬ್ಬಿಸಿ, ನಗು ತಡೆದುಕೊಂಡು.

ಶರಣಮ್ಮ ಬಗ್ಗಿ ನೋಡಿದಳು. ಅವನು ಸತ್ತ ದಿನದ ಬೆಳಗಿನದೇ ಫೋಟೊ. ಅವನ ಭುಜದ ಮೇಲೆ ಬಿಳಿಚಿಕೊಂಡ ಒಣ ಧೂಳಿತ್ತು.

“ಸುತ್ತಿ ಇಡು,” ಎಂದಳು.

“ಅವ್ವ, ಅಣ್ಣಗ ಮರ್ಯಾದಿ ಕೊಡಾಕ...”

“ನೆಲಕ್ಕ ಹಾಕಬ್ಯಾಡ ಅವನ್ನ. ಸುತ್ತಿ ಇಡು!”

ಸದಫ್ ತಂದೆಯ ಮುಖ ನೋಡಿದಳು. ಚಹಾ ಕುಡಿದ ಹಾಗೆ ಮಾಡಿ ಅವರು ಬೇಗ ಹೊರಟರು.

ಅಷ್ಟರಲ್ಲಿ ಖಾಸಿಂನ ಕಾರ್ಖಾನೆಯವರು ಅವನನ್ನು ತರಬೇತಿಗೆಂದು ಲೀಡ್ಸಿಗೆ ಕಳಿಸಿದರು. ಶ್ರೀಕಾಂತನೂ ಬಳಗದ ಇಬ್ಬರೂ ಕೆಲಸ ಮುಗಿಸಿ ಆದಾಗ ಆದಷ್ಟು ಅಗೆದರು. ಒಂದು ಬುಧವಾರ ಶ್ರೀಕಾಂತ ಕುಣಿಯುವ ಹಾಗೆ ಮನೆಗೆ ಬಂದ. ಝುಣಕ, ರೊಟ್ಟಿ ಬಡಿಸಿಯಾಗಿತ್ತು.

“ಎಂಪಿ ಬರ್ತಾರಂತೆ ನಿವಿ! ಮುಂದಿನ ವಾರ ಅವರಿಗೆ ಆಗಲ್ಲ, ಈ ಶನಿವಾರ ಆಗತ್ತೆ. ಅದಕ್ಕೆ ಒಂದು ವಾರ ಹಿಂದಕ್ಕೆ ತಂದ್ವಿ.”

ಶರಣಮ್ಮನ ಕೈಯ ತುತ್ತು ಬಾಯಿಗೆ ಹೋಗಲಿಲ್ಲ.

“ಏನಂದಿ?”

“ಈ ಶನಿವಾರನ ಉದ್ಘಾಟನಾ ಅವ್ವ.”

“ಮಣ್ಣು ಹದ ಆಗೇತೇನು?”

“ಒಂದು ವಾರದಾಗ ಏನ ಫರಕ ಬೀಳತೈತಿ? ಮ್ಯಾಲ ಕುರುಪಿ ಆಡಿಸಿ ಸಡಲ ಮಾಡಿ, ಅರಿಸಿನ ಎಣ್ಣಿ ಹಾಕಿದ್ರ...”

“ನಿಮ್ಮಪ್ಪನೂ ಹಿಂಗ ಅಂದಿರಬೇಕು.”

ಅವಳ ದನಿ ಏರಿರಲಿಲ್ಲ, ಆದರೂ ಎಲ್ಲರೂ ಉಣ್ಣುವುದನ್ನು ನಿಲ್ಲಿಸಿದರು.

“ಅವತ್ತೂ ಮಂತ್ರಿಗಳಿಗೆ ಪುರಸೊತ್ತಿಲ್ಲ ಅಂತ ಕೂಟ ಹಿಂದಕ್ಕ ತಂದ್ರು. ಕಣ ಅಗದಿದ್ದಿಲ್ಲ. ಮ್ಯಾಲ ಎರಡ ಬೆರಳು ಮಣ್ಣು ಚೆಲ್ಲಿ ನೀರ ಹೊಡದಿದ್ರು. ಕೆಳಗ ಗಟ್ಟಿ ನೆಲ.”

“ಯಾರ ಹೇಳಿದ್ರು ನಿನಗ?” ಶ್ರೀಕಾಂತ ಕೇಳಿದ.

“ಯಾರೂ ಹೇಳಲಿಲ್ಲ. ಅವನ ಮೈ ತೊಳದಾಕಿ ನಾನು. ಬೆನ್ನ ತುಂಬ ಕಲ್ಲಿನ ಹಳ್ಳು ನೆಟ್ಟಿದ್ದುವು. ಒಂದೊಂದ ಕಿತ್ತು ತಗದೀನಿ. ಗರಡಿ ಮಣ್ಣಾಗ ಹಳ್ಳು ಎಲ್ಲಿಂದ ಬರಬೇಕು?”

ದಾನಿ ತಂದೆಯನ್ನೂ ಅಜ್ಜಿಯನ್ನೂ ನೋಡಿದಳು. “ಯಾರ ಮೈ? ದೊಡ್ಡಪ್ಪಂದಾ? ಅವರು ಜಾಂಡೀಸ್ ಆಗಿ ಸತ್ತರು ಅಂದಿದ್ರಿ ಅಲ್ವಾ?”

ಶ್ರೀಕಾಂತ ನೀರಿನ ಲೋಟಕ್ಕೆ ಕೈ ಹಾಕಿದ.

“ಡ್ಯಾಡ್?”

“ಕುಸ್ತಿಯಾಗ ಹ್ವಾದ,” ಎಂದಳು ಶರಣಮ್ಮ. “ಕುತ್ತಿಗಿ ಮುರೀತು.”

“ಆ ಹೆಸರಿಟ್ಟ ಜಾಗದಲ್ಲಿ ನನ್ನನ್ನ ಇಳಿಸೋಕೆ ಹೊರಟಿದ್ರಿ, ನನಗೆ ಹೇಳಲೇ ಇಲ್ಲ?” ದಾನಿಯ ಮುಖ ಕೆಂಪಾಗಿತ್ತು.

“ಶ್ರೀಕಾಂತ್, ಇದನ್ನ ಕ್ಯಾನ್ಸಲ್ ಮಾಡಿ,” ಎಂದಳು ನಿವೇದಿತಾ.

“ಎಲ್ಲರನ್ನೂ ಕರೆದಾಗಿದೆ! ಈ ಹಣಕಾಸು ವರ್ಷ ಮುಗಿಯೋದ್ರೊಳಗೆ ಕಾರ್ಯಕ್ರಮ ತೋರಿಸದಿದ್ರೆ ಉಳಿದ ಗ್ರ್ಯಾಂಟ್ ಬರಲ್ಲ.” ಅವನು ತಾಯಿಯ ಕಡೆ ತಿರುಗಿದ. ಮಾತು ಊರಿನದಾಯಿತು. “ನಾ ಒಂದ ದಿನಾನೂ ಅಪ್ಪನ ಗರಡಿಯೊಳಗ ಕಾಲಿಡಲಿಲ್ಲ. ನೀ ಬಿಡಲಿಲ್ಲ. ಅಪ್ಪ ನನ್ನ ಕೂಡ ಮಾತಾಡತಿದ್ದಿಲ್ಲ. ಬಾಗಲದಾಗ ನಿಂತು ಬ್ಯಾರೆ ಹುಡುಗರು ಕುಸ್ತಿ ಹಿಡಿಯೂದು ನೋಡೀನಿ. ಈಗ ಒಂದ ಗರಡಿ ಕಟ್ಟಿದ್ರ, ಅದಕ್ಕೂ ನೀ...”

ಅವನು ತಟ್ಟೆ ತೆಗೆದುಕೊಂಡು ಮೇಲಿನ ಕೋಣೆಗೆ ಹೋದ.

ಶನಿವಾರ ಶರಣಮ್ಮ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ತಾನಾಗಿ ಕಾರು ಹತ್ತಿ ಕೂತಳು. ಅದನ್ನು ಕಂಡು ಶ್ರೀಕಾಂತನಿಗೆ ಎದೆ ಹಗುರಾಯಿತು. ದಾನಿ ಕಿಟಕಿಯ ಕಡೆ ಮುಖ ಮಾಡಿದ್ದಳು. ಅವಳು ಇಳಿಯುವುದಿಲ್ಲ ಎಂದೂ ಹೇಳಿರಲಿಲ್ಲ, ಇಳಿಯುತ್ತೇನೆ ಎಂದೂ ಹೇಳಿರಲಿಲ್ಲ. ಕುಸ್ತಿಯ ಉಡುಪನ್ನು ಮಾತ್ರ ತೊಟ್ಟಿದ್ದಳು.

ಸ್ಕ್ವಾಷ್ ಚೆಂಡಿನ ಕಪ್ಪು ಗುರುತುಗಳಿನ್ನೂ ಮಾಸದ ಬಿಳಿ ಗೋಡೆಯ ಮೇಲೆ ಬ್ಯಾನರಿನ ಪಂಚಾಕ್ಷರಿ ನಿಂತಿದ್ದ. ಅವನ ಕಾಲ ಬುಡದಲ್ಲಿ ಮರದ ಚೌಕಟ್ಟಿನ ಕಣ. ಅತಿಥಿಗಳಿಗೆ ಚಳಿಯಾದೀತೆಂದು ಎರಡು ದಿನದಿಂದ ಹೀಟಿಂಗ್ ಹಾಕಿಟ್ಟಿದ್ದರು. ಮೇಲಿನ ಮಣ್ಣು ಅರಿಸಿನ ಕುಂಕುಮದಲ್ಲಿ ಚೆನ್ನಾಗಿ ಕಾಣುತ್ತಿತ್ತು. ಎಂಪಿ ಬಂದಿದ್ದರು, ಕೌನ್ಸಿಲಿನವರು ಬಂದಿದ್ದರು, ಬಳಗದ ಹೆಂಗಸರು ರೇಷ್ಮೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಶ್ರೀಕಾಂತ ಮೈಕು ಹಿಡಿದು, ನಮ್ಮ ನಾಡಿನ ಈ ಆಟಕ್ಕೆ ಇಲ್ಲಿಯ ಸರ್ಕಾರ ಕೈ ಹಿಡಿದ ಬಗ್ಗೆ ಇಂಗ್ಲಿಷಿನಲ್ಲಿ ಹೇಳತೊಡಗಿದ.

ಶರಣಮ್ಮ ಎದ್ದಳು. ಚಪ್ಪಲಿ ಬಿಟ್ಟು ಚೌಕಟ್ಟು ದಾಟಿದಳು. ಹಿರಿಯಾಕೆ ಮಣ್ಣಿಗೆ ನಮಸ್ಕಾರ ಮಾಡುತ್ತಾಳೆ ಎಂದುಕೊಂಡು ಕೆಲವರು ಫೋನು ಎತ್ತಿದರು. ಅವಳು ನಡುವೆ ಹೋಗಿ ಮಂಡಿಯೂರಿ ಮಣ್ಣಿನಲ್ಲಿ ಬೆರಳಿಳಿಸಿದಳು. ಎರಡನೇ ಗೆಣ್ಣಿಗೆ ಬೆರಳು ನಿಂತಿತು. ಇನ್ನೊಂದು ಕಡೆ ಇಳಿಸಿದಳು, ಅಲ್ಲೂ ಅಷ್ಟೇ. ಆಮೇಲೆ ಸೆರಗು ಸರಿಮಾಡಿಕೊಂಡು ಅಲ್ಲಿಯೇ ಕಾಲು ಮಡಚಿ ಕೂತುಬಿಟ್ಟಳು.

ಮೈಕಿನಲ್ಲಿ ಶ್ರೀಕಾಂತನ ಮಾತು ನಿಂತಿತು. ಅವನು ಮೈಕನ್ನು ಕೆಳಗಿಳಿಸಿ ಕಣದ ಅಂಚಿಗೆ ಬಂದ.

“ಅವ್ವ, ಏಳು. ಎಲ್ಲಾರೂ ನೋಡಾಕತ್ತಾರ.”

“ನೋಡ್ಲಿ. ಅವತ್ತ ನಾ ಮನ್ಯಾಗ ಇದ್ದೆ. ಇವತ್ತ ಇಲ್ಲೇ ಅದೀನಿ.”

“ಅವ್ವ, ನಿನಗ ಕೈ ಮುಗೀತೀನಿ.”

“ನನ್ನ ಮ್ಯಾಲ ಕುಸ್ತಿ ಹಿಡೀರಿ ಹಂಗಾರ.”

ಖಾಸಿಂ ಆಗಷ್ಟೇ ಲೀಡ್ಸಿನಿಂದ ನೇರ ಬಂದಿದ್ದ. ಅವನು ಏನನ್ನೂ ಕೇಳಲಿಲ್ಲ. ಮೂಲೆಯಲ್ಲಿದ್ದ ಸಲಿಕೆ ತಂದು ಶರಣಮ್ಮನಿಂದ ಮಾರುದೂರದಲ್ಲಿ ಒಂದು ಪೆಟ್ಟು ಹಾಕಿದ. ಸಲಿಕೆ ಠಣ್ಣೆಂದಿತು. ಆ ಸದ್ದು ಬಿಳಿ ಗೋಡೆಗಳಿಗೆ ಬಡಿದು ಎಲ್ಲರಿಗೂ ಕೇಳಿತು.

“ಶ್ರೀಕಾಂತ್ ಭಾಯಿ, ಇದು ಕಣ ಅಲ್ಲ, ಪಿಚ್,” ಎಂದ ಖಾಸಿಂ. “ನನ್ನ ಮಗಳನ್ನ ನಾ ಇಳಸಾಂಗಿಲ್ಲ. ನಿಮ್ಮ ಮಗಳನ್ನೂ ಇಳಸಾಂಗಿಲ್ಲ.”

ದಾನಿ ಬಂದು ಅಜ್ಜಿಯ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತಳು. ಕೌನ್ಸಿಲಿನ ಹೆಂಗಸೊಬ್ಬಳು ಹತ್ತಿರ ಬಂದು, ಅಜ್ಜಿಗೆ ಹುಷಾರಿಲ್ಲವೇ ಎಂದು ಮೆಲ್ಲಗೆ ಕೇಳಿದಳು. ದಾನಿ ತಲೆ ಎತ್ತಿ ಎಲ್ಲರಿಗೂ ಕೇಳುವ ಹಾಗೆ ಇಂಗ್ಲಿಷಿನಲ್ಲಿ ಹೇಳಿದಳು: ಗೋಡೆಯ ಮೇಲಿರುವವರು ನನ್ನ ದೊಡ್ಡಪ್ಪ. ಇಂಥದೇ ನೆಲದ ಮೇಲೆ ಬಿದ್ದು ಸತ್ತರು. ಆವತ್ತೂ ದೊಡ್ಡವರೊಬ್ಬರ ಸಮಯಕ್ಕಾಗಿ ದಿನ ಬದಲಾಯಿಸಿದ್ದರು. ಅಜ್ಜಿಗೆ ಹುಷಾರಾಗಿಯೇ ಇದೆ.

ಜನ ಸದ್ದಿಲ್ಲದೆ ಕುರ್ಚಿ ಸರಿಸಿಕೊಂಡು ಎದ್ದರು.

ಕೌನ್ಸಿಲಿನವರು ಕೆಟ್ಟದಾಗಿ ಏನೂ ಅನ್ನಲಿಲ್ಲ. ಆದರೆ ಮಾರ್ಚ್ ಮುಗಿಯಿತು, ನಿಯಮದ ಪ್ರಕಾರ ಉಳಿದ ನೆರವು ಬೇರೊಂದು ಊರಿನ ಕಬಡ್ಡಿಗೆ ಹೋಯಿತು. ಸ್ಕ್ವಾಷ್ ಹಾಲನ್ನು ಮಾತ್ರ ಬೇಸಗೆ ಮುಗಿಯುವವರೆಗೆ ಇಟ್ಟುಕೊಳ್ಳಿ ಎಂದರು. ಬಳಗದ ವಾಟ್ಸಾಪಿನಲ್ಲಿ, ಒಬ್ಬ ಮುದುಕಿಯ ಹಟಕ್ಕೆ ಸಿಕ್ಕ ನೆರವು ಕೈ ತಪ್ಪಿತು ಎಂದು ಯಾರೋ ಬರೆದರು. ಶ್ರೀಕಾಂತ ಕಾರ್ಯದರ್ಶಿ ಪದವಿ ಬಿಟ್ಟ. ಬ್ಯಾನರನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ತಾಯಿಯ ಜೊತೆ ಮಾತು ಬಿಟ್ಟ.

ಕೆಲಸದಿಂದ ಬಂದು ಅವನು ಮೇಲೆಯೇ ಊಟ ಮಾಡುತ್ತಿದ್ದ. ಶರಣಮ್ಮ ರೊಟ್ಟಿ ಬಟ್ಟೆಯಲ್ಲಿ ಸುತ್ತಿ, ಪಲ್ಯಕ್ಕೆ ತಟ್ಟೆ ಮುಚ್ಚಿ ಇಡುತ್ತಿದ್ದಳು. ಅವನು ತೆಗೆದುಕೊಂಡು ಹೋಗುತ್ತಿದ್ದ, ಖಾಲಿ ತಟ್ಟೆ ತೊಳೆದು ಇಡುತ್ತಿದ್ದ. ನಿವೇದಿತಾಳ ಮಾತೇ ನಡೆದಿತ್ತು, ಆದರೆ ಅವಳಿಗೂ ನೆಮ್ಮದಿ ಇರಲಿಲ್ಲ. ರಜೆಯ ಮಧ್ಯಾಹ್ನ ಅವಳು ಅತ್ತೆಯ ಪಕ್ಕ ಕೂತು ಹುಣಸೆ ಬಿಡಿಸುತ್ತ ಕೇಳಿದಳು:

“ಅತ್ತೆ, ನೀವು ಗ್ಯಾರೇಜಲ್ಲಿ ಯಾರ ಜೊತೆಗೋ ಮಾತಾಡ್ತೀರಂತೆ. ದಾನಿ ಹೇಳಿದ್ಲು. ನಿಮಗೆ ಅವರು ಕಾಣ್ತಾರಾ?”

“ಕಾಣಾಂಗಿಲ್ಲವಾ. ಇರ್ತಾನ.”

“ಜಿಪಿ ಡಾಕ್ಟರ್ ಹತ್ರ ಒಂದು ಸಲ ಹೋಗಿ ಬರೋಣ್ವಾ?”

“ಹೋಗೂಣು. ಅವನ್ನೂ ಕರ್ಕೊಂಡು ಹೋಗಾಕ ಬರತೈತೇನು?”

ನಿವೇದಿತಾ ನಕ್ಕಳು. ಅತ್ತೆ ನಗದೆ ಹುಣಸೆ ಬಿಡಿಸುತ್ತಿರುವುದನ್ನು ನೋಡಿದಳು. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಮೇ ತಿಂಗಳಲ್ಲಿ ಒಂದು ಸಂಜೆ ಶ್ರೀಕಾಂತ ಮೇಲಿಂದ ಇಳಿದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

“ನೀ ಅಪ್ಪನ್ನ ಯಾಕ ಕೇಳಲಿಲ್ಲ ಅವ್ವ? ಅಷ್ಟು ವರ್ಷ ಕೂಡಿ ಬಾಳಿದಿ. ಮಣ್ಣು ಗಟ್ಟಿ ಇತ್ತಂತ ಗೊತ್ತಿದ್ದೂ ಅಣ್ಣನ್ನ ಯಾಕ ಇಳಿಸಿದಿ ಅಂತ ಒಂದ ಮಾತ ಕೇಳಲಿಲ್ಲ?”

ಶರಣಮ್ಮ ಒಲೆ ಸಣ್ಣ ಮಾಡಿದಳು.

“ಹನ್ನೊಂದನೇ ದಿನಾನೇ ಗರಡಿ ಬಾಗಲಾ ತಗದ ನಿಮ್ಮಪ್ಪ. ಕಣಕ್ಕ ಮಜ್ಜಿಗಿ ಕಳಸು ಅಂದ. ನಾ ಕಳಿಸಿದೆ. ಮುಂದ ಸರ್ಕಾರದವರು ವಯಸ್ಸಾದ ಪೈಲ್ವಾನರಿಗೆ ಮಾಸಾಶನ ಕೊಟ್ಟರಲ್ಲ, ಅದು ಬಂದ ದಿನ ನಾ ಒಲಿ ಹಚ್ಚತಿದ್ದಿಲ್ಲ. ಮಂದಿ ಉಪವಾಸ ಅಂದ್ಕೊಂಡ್ರು. ಅವಗ ಗೊತ್ತಿತ್ತು. ಅವನೂ ಉಣ್ಣತಿದ್ದಿಲ್ಲ.” ಅವಳು ಮಗನ ಮುಖ ನೋಡಿದಳು. “ಕೇಳಿದ್ರ ಅವ ಹೇಳತಿದ್ದನಪಾ. ಹೇಳಿದ ಮ್ಯಾಲ ನಾ ಅವನ ಕೂಡ ಹೆಂಗ ಬಾಳೂದು? ನೀ ಸಣ್ಣಾಂವ ಇದ್ದಿ.”

ಶ್ರೀಕಾಂತ ಒಳಗೆ ಬಂದು ಊಟದ ಮೇಜಿಗೆ ಕೂತ. ಅವಳು ಬಿಸಿ ರೊಟ್ಟಿ ಹಾಕಿದಳು.

ಮರುದಿನದಿಂದ ಅವನು ಕೆಲಸ ಮುಗಿಸಿ ಸ್ಕ್ವಾಷ್ ಹಾಲಿಗೆ ಹೋಗತೊಡಗಿದ. ಖಾಸಿಂನೂ ಬರುತ್ತಿದ್ದ. ಇಬ್ಬರೂ ಗಟ್ಟಿ ನೆಲವನ್ನು ಗುದ್ದಲಿಯಿಂದ ಒಡೆದು, ಮರಳು ಸೇರಿಸಿ, ಜರಡಿ ಹಿಡಿದು, ಮತ್ತೆ ತುಂಬಿದರು. ಯಾರಿಗೂ ತೋರಿಸುವುದಕ್ಕಿರಲಿಲ್ಲ, ಹಾಗಾಗಿ ಅವಸರವೂ ಇರಲಿಲ್ಲ. ಶರಣಮ್ಮ ಹುಳಿ ಬಂದ ಮಜ್ಜಿಗೆಯನ್ನು ಕ್ಯಾನಿನಲ್ಲಿ ತುಂಬಿ ಕಾರಿನ ಬಳಿ ಇಟ್ಟಿರುತ್ತಿದ್ದಳು. ಅವನು ಏನೂ ಹೇಳದೆ ಒಯ್ಯುತ್ತಿದ್ದ.

ಜೂನ್ ಕೊನೆಯಲ್ಲಿ, ದಾನಿಯ ಪರೀಕ್ಷೆಗಳು ಮುಗಿದ ಮೇಲೆ, ಒಂದು ಶನಿವಾರ ಬೆಳಿಗ್ಗೆ ಮೊದಲ ಜೋಡಿ ಇಳಿಯುವುದೆಂದಾಯಿತು. ಬ್ಯಾನರಿಲ್ಲ, ಅತಿಥಿಗಳಿಲ್ಲ. ಎರಡು ಮನೆಯವರು, ಬಳಗದಲ್ಲಿ ಇನ್ನೂ ಮಾತಾಡುತ್ತಿದ್ದ ಕೆಲವರು. ನಿವೇದಿತಾ ಆಸ್ಪತ್ರೆಯ ಕುತ್ತಿಗೆ ಪಟ್ಟಿಯನ್ನೂ ಚೀಲವನ್ನೂ ತಂದು ಕಣದ ಪಕ್ಕದಲ್ಲೇ ಕೂತಳು. ಖಾಸಿಂ ಹಿಮ್ಮಡಿಯಿಂದ ನಾಲ್ಕೂ ಮೂಲೆ ಒತ್ತಿ ನೋಡಿದ. ಆಮೇಲೆ ತಿರುಗಿ ನಿಂತ.

“ಅಮ್ಮಾ?”

ಶರಣಮ್ಮ ಬಗ್ಗಿ ಕೈಯಿಳಿಸಿದಳು. ಮುಂಗೈ ಮುಳುಗುವವರೆಗೆ ಹೋಯಿತು. ಮಣ್ಣು ತಂಪಾಗಿತ್ತು.

“ಹಿಡೀಲಿ,” ಎಂದಳು.

ದಾನಿ ಮತ್ತು ಸದಫ್ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು, ಕೈಗೆ ಕೈ ತಾಗಿಸಿ, ಒಬ್ಬರ ಹೆಗಲಿಗೊಬ್ಬರು ತಲೆ ಕೊಟ್ಟರು. ಸ್ವಲ್ಪ ಹೊತ್ತು ಬರೀ ಉಸಿರಿನ ಸದ್ದು. ದಾನಿ ಕಾಲು ಹಾಕಲು ನೋಡಿದಳು. ಸದಫ್ ಅದಕ್ಕೇ ಕಾದಿದ್ದವಳ ಹಾಗೆ ಸೊಂಟ ತಿರುಗಿಸಿ ಅವಳನ್ನು ಎತ್ತಿ ಒಗೆದಳು.

ಬೆನ್ನು ನೆಲಕ್ಕೆ ಬಿದ್ದ ಸದ್ದು ಬಂತು. ದಾನಿ ಅಂಗಾತ ಬಿದ್ದಿದ್ದಳು. ಕಣ್ಣು ಮುಚ್ಚಿತ್ತು. ನಿವೇದಿತಾ ಅರ್ಧ ಎದ್ದಳು. ಶರಣಮ್ಮ ಕುರ್ಚಿಯ ತುದಿಗೆ ಸರಿದಳು.

ಆಮೇಲೆ ದಾನಿ ಕೆಮ್ಮಿದಳು. ಬಾಯಿಗೆ ಬಂದ ಮಣ್ಣು ಉಗುಳಿ, ಮಗ್ಗುಲಾಗಿ, ಕೈಯೂರಿ ಎದ್ದು ನಿಂತಳು. ಜಡೆ ಕೊಡವಿಕೊಂಡು, “ಅಜ್ಜಿ, ಏನೂ ಆಗಿಲ್ಲ. ಇನ್ನೊಂದ್ಸಲ,” ಎಂದಳು. ಕನ್ನಡದಲ್ಲಿ ಹೇಳಿದ್ದು ಅವಳಿಗೇ ಗೊತ್ತಾಗಲಿಲ್ಲ.

ಶರಣಮ್ಮ ಕಣ್ಣು ಮಿಟುಕಿಸದೆ ಕಣವನ್ನು ನೋಡುತ್ತಿದ್ದಳು. ಅವಳು ನೋಡುತ್ತಿದ್ದದ್ದು ದಾನಿ ನಿಂತಿದ್ದ ಕಡೆಗಲ್ಲ, ಅದರಾಚೆ, ಗೋಡೆಯ ಹತ್ತಿರದ ಮೂಲೆಗೆ. ಶ್ರೀಕಾಂತ ಅದನ್ನು ಗಮನಿಸಿ ಬಂದು ಪಕ್ಕದ ಕುರ್ಚಿಯಲ್ಲಿ ಕೂತ.

“ಅವ್ವ,” ಎಂದ ಮೆಲ್ಲಗೆ. “ಅಣ್ಣ ಬಂದಾನೇನು?”

“ಬಂದಾನ.”

“ಎಲ್ಲೆ?”

ಅವಳು ಕೈ ತೋರಿಸಲಿಲ್ಲ. ಗದ್ದದಿಂದ ಮೂಲೆ ತೋರಿಸಿದಳು.

“ಅಕಿ ಎದ್ಲು. ಅವ ಇನ್ನೂ ಎದ್ದಿಲ್ಲಪಾ.”

ಕಣದಲ್ಲಿ ಹುಡುಗಿಯರು ಮತ್ತೆ ಎದುರುಬದುರು ನಿಂತಿದ್ದರು. ಖಾಸಿಂ ಕೈ ಎತ್ತಿದ್ದ. ಶ್ರೀಕಾಂತ ಎದ್ದು ಚೌಕಟ್ಟಿನ ಬಳಿ ಹೋಗಿ, ಆ ಮೂಲೆಯ ಕಡೆ ಹೋಗಬೇಡಿ, ನಡುವೆಯೇ ಹಿಡಿಯಿರಿ ಎಂದು ಇಬ್ಬರಿಗೂ ಹೇಳಿದ. ಯಾಕೆಂದು ಅವರು ಕೇಳಲಿಲ್ಲ. ಅವನು ಹಿಂದಕ್ಕೆ ಬರದೆ, ಆ ಮೂಲೆಗೆ ಬೆನ್ನು ಕೊಟ್ಟು, ಯಾರೂ ತುಳಿಯದ ಹಾಗೆ ಅಡ್ಡ ನಿಂತುಕೊಂಡ.